ಕೊನೆಯಿಲ್ಲದ ಸೆಟ್: ಕಲ್ಕತ್ತಾ, ಕಬ್ಬನ್ ಪಾರ್ಕ್, ಹೈದರಾಬಾದ್

ಹೈದರಾಬಾದಿನಿಂದ ಈ ವಾರದ ಮಾತು ಟೆನಿಸ್ ಬಗ್ಗೆ. ವಿಡಿಯೋದಲ್ಲಿ ಆಡಿದ್ದನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಅಂಕಿಗಳನ್ನು ಓಡಿಸಿಕೊಂಡು ಹೋಗಿದ್ದೆ, ಇಲ್ಲಿ ನಿಧಾನವಾಗಿ ನೋಡೋಣ.

ವಿಷಯ ಇಷ್ಟು. ಕ್ರಿಕೆಟ್‌ನಲ್ಲಿ ಓವರ್ ಮುಗಿದರೆ ಆಟ ಮುಗೀತು. ಫುಟ್‌ಬಾಲ್‌ನಲ್ಲಿ ಗಡಿಯಾರ ಇದೆ. ಟೆನಿಸ್‌ನಲ್ಲಿ ಗಡಿಯಾರವೇ ಇಲ್ಲ. ಒಬ್ಬ ಗೆಲ್ಲುವವರೆಗೆ ಇಬ್ಬರೂ ಆಡ್ತಾನೇ ಇರಬೇಕು. ಹಾಗಾಗಿ ಒಂದೊಂದು ಸಲ ಪಂದ್ಯ ಎಲ್ಲಿಂದೆಲ್ಲಿಗೋ ಬೆಳೆದುಬಿಡುತ್ತೆ. ಅಂಥ ಪಂದ್ಯಗಳಿಗೆ ಈಗ ಬಾಗಿಲು ಹಾಕಿದ್ದಾರೆ. ಯಾಕೆ ಹಾಕಿದರು, ಅದರಲ್ಲಿ ನಮ್ಮವರು ಏನು ಕಳೆದುಕೊಂಡರು, ಏನು ಗಳಿಸಿದರು ಅನ್ನೋದೇ ಇವತ್ತಿನ ಕಥೆ. ನಮ್ಮವರು ಅಂದರೆ ಮುಖ್ಯವಾಗಿ ಇಬ್ಬರು: ಕೊಡಗಿನ ಕಾಫಿ ಬೆಳೆಗಾರರ ಮನೆಯ ರೋಹನ್ ಬೋಪಣ್ಣ, ಮತ್ತು ನಾವೀಗ ಬಾಡಿಗೆ ಕಟ್ಟುತ್ತಿರುವ ಈ ಊರಿನ ಸಾನಿಯಾ ಮಿರ್ಜಾ.

ಲೂಪ್ ಇದೆ, ಬ್ರೇಕ್ ಇಲ್ಲ

ಮೊದಲು ನಿಯಮ. ಒಂದು ಸೆಟ್ ಗೆಲ್ಲಲು ಕನಿಷ್ಠ ಆರು ಗೇಮ್ ಬೇಕು, ಜೊತೆಗೆ ಎರಡು ಗೇಮ್‌ಗಳ ಅಂತರ ಬೇಕು. 6-4 ಆದರೆ ಸೆಟ್ ಮುಗೀತು. 6-5 ಆದರೆ ಇಲ್ಲ. 6-6, 7-7, 8-8 ಹೀಗೆ ಎಷ್ಟಾದರೂ ಹೋಗಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದೊಂದು ವೈಲ್ ಲೂಪ್. ಹೊರಗೆ ಬರೋಕೆ ಒಂದೇ ಷರತ್ತು, ಆದರೆ ಅದು ಯಾವಾಗ ಪೂರೈಸುತ್ತೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ.

ಇದು ಎಷ್ಟು ಅಪಾಯ ಅಂತ ಒಂದು ಸಣ್ಣ ಲೆಕ್ಕ ಮಾಡೋಣ. ಇಬ್ಬರು ಆಟಗಾರರೂ ತಮ್ಮ ಸರ್ವ್ ಇರುವ ಗೇಮನ್ನು 100ಕ್ಕೆ 90 ಸಲ ಗೆಲ್ಲುತ್ತಾರೆ ಅಂತಿಟ್ಟುಕೊಳ್ಳಿ. ಸ್ಕೋರ್ ಸಮವಾಗಿದ್ದಾಗ ಮುಂದಿನ ಎರಡು ಗೇಮ್‌ಗಳಲ್ಲಿ ಫಲಿತಾಂಶ ಬರಬೇಕಾದರೆ ಒಬ್ಬ ತನ್ನ ಸರ್ವ್ ಉಳಿಸಿಕೊಂಡು ಇನ್ನೊಬ್ಬನದ್ದನ್ನು ಮುರಿಯಬೇಕು. ಅದರ ಸಾಧ್ಯತೆ ಶೇ 18. ಅಂದರೆ ಸರಾಸರಿ 11 ಗೇಮ್ ಹೆಚ್ಚುವರಿ. ಸಹಿಸಿಕೊಳ್ಳಬಹುದು. ಆದರೆ ಇಬ್ಬರೂ ಎತ್ತರದ, ಬಿರುಸಿನ ಸರ್ವ್‌ನವರಾಗಿದ್ದು, 100ಕ್ಕೆ 97 ಸಲ ಸರ್ವ್ ಉಳಿಸಿಕೊಂಡರೆ? ಆಗ ಆ ಸಾಧ್ಯತೆ ಶೇ 6ಕ್ಕಿಂತ ಕೆಳಗಿಳಿಯುತ್ತೆ, ಸರಾಸರಿ 34 ಗೇಮ್ ಬೇಕಾಗುತ್ತೆ. 90ರಿಂದ 97ಕ್ಕೆ ಏರಿದ್ದು ಬರೀ ಏಳು, ಪಂದ್ಯದ ಬಾಲ ಬೆಳೆದದ್ದು ಮೂರು ಪಟ್ಟು.

ಈ ಅಪಾಯ ಹಳೆಯ ಕಾಲದವರಿಗೂ ಗೊತ್ತಿತ್ತು. 1969ರ ವಿಂಬಲ್ಡನ್‌ನಲ್ಲಿ 41 ವರ್ಷದ ಪ್ಯಾಂಚೊ ಗೊನ್ಸಾಲೆಸ್ ಮತ್ತು ಅವರಿಗಿಂತ ತುಂಬಾ ಚಿಕ್ಕವರಾದ ಚಾರ್ಲಿ ಪಸರೆಲ್ ಎರಡು ದಿನ ಆಡಿದರು. ಸ್ಕೋರ್ 22-24, 1-6, 16-14, 6-3, 11-9. ಒಟ್ಟು 112 ಗೇಮ್, 5 ಗಂಟೆ 12 ನಿಮಿಷ. ಏಳು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೊನ್ಸಾಲೆಸ್ ಗೆದ್ದರು. ಅಷ್ಟರಲ್ಲಿ ಅಮೆರಿಕದ ಜಿಮ್ಮಿ ವ್ಯಾನ್ ಅಲೆನ್ ಎಂಬವರು ಟೈಬ್ರೇಕ್ ಎಂಬ ಮದ್ದನ್ನು ಹಿಡಿದುಕೊಂಡು ವರ್ಷಗಟ್ಟಲೆ ಅಲೆಯುತ್ತಿದ್ದರು. ಸೆಟ್ ಸಮವಾದಾಗ ಕೆಲವೇ ಪಾಯಿಂಟ್‌ಗಳಲ್ಲಿ ಇತ್ಯರ್ಥ ಮಾಡಿಬಿಡಿ ಅನ್ನೋದು ಅವರ ವಾದ. 1970ರಲ್ಲಿ ಅಮೆರಿಕ ಓಪನ್ ಒಪ್ಪಿತು, 1971ರಲ್ಲಿ ವಿಂಬಲ್ಡನ್ ಒಪ್ಪಿತು. ಆದರೆ ವಿಂಬಲ್ಡನ್ ಕೊನೆಯ ಸೆಟ್ ಒಂದನ್ನು ಮಾತ್ರ ಹಳೆಯ ಕ್ರಮದಲ್ಲೇ ಬಿಟ್ಟುಕೊಂಡಿತು. ದೇಶ-ದೇಶಗಳ ನಡುವಿನ ಡೇವಿಸ್ ಕಪ್ ಅಂತೂ 1989ರವರೆಗೆ ಟೈಬ್ರೇಕನ್ನು ಹತ್ತಿರವೇ ಬಿಟ್ಟುಕೊಳ್ಳಲಿಲ್ಲ. ಅಲ್ಲಿ ಐದೂ ಸೆಟ್ ಮುಗಿಯುವವರೆಗೆ ಆಡಬೇಕು.

1974: 327 ಗೇಮ್, ಆಮೇಲೆ ಆಡದ ಫೈನಲ್

ಇಲ್ಲಿಗೆ ನಮ್ಮ ದೇಶ ಬರುತ್ತೆ. 1974ರ ಡೇವಿಸ್ ಕಪ್ ಪೂರ್ವ ವಲಯದ ಫೈನಲ್, ಕಲ್ಕತ್ತಾದಲ್ಲಿ, ಭಾರತ ಮತ್ತು ಆಸ್ಟ್ರೇಲಿಯಾ. ಡೇವಿಸ್ ಕಪ್‌ನ ಒಂದು ಮುಖಾಮುಖಿ ಅಂದರೆ ಐದು ಪಂದ್ಯ: ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್. ಮೂರು ಗೆದ್ದವರು ಮುಂದಕ್ಕೆ.

ಸ್ಕೋರ್ ಓದಿ ನೋಡಿ. ಜಾನ್ ಅಲೆಕ್ಸಾಂಡರ್ ಅವರು ವಿಜಯ್ ಅಮೃತ್‌ರಾಜ್ ಅವರನ್ನು 14-12, 17-15, 6-8, 6-2ರಿಂದ ಸೋಲಿಸಿದರು. ಅದು 80 ಗೇಮ್. ಜಸ್ಜೀತ್ ಸಿಂಗ್ ಅವರು ಬಾಬ್ ಗಿಲ್ಟಿನನ್ ಅವರನ್ನು 11-9, 9-11, 12-10, 8-6ರಿಂದ ಸೋಲಿಸಿದರು. 76 ಗೇಮ್. ಡಬಲ್ಸ್‌ನಲ್ಲಿ ವಿಜಯ್ ಮತ್ತು ಅಣ್ಣ ಆನಂದ್ ಅಮೃತ್‌ರಾಜ್ ಸೇರಿ ಅಲೆಕ್ಸಾಂಡರ್ ಹಾಗೂ ಕಾಲಿನ್ ಡಿಬ್ಲಿ ಜೋಡಿಯನ್ನು 17-15, 6-8, 6-3, 16-18, 6-4ರಿಂದ ಮಣಿಸಿದರು. ಒಂದೇ ಪಂದ್ಯದಲ್ಲಿ 99 ಗೇಮ್! ಉಳಿದ ಎರಡು ಸಿಂಗಲ್ಸ್‌ನಲ್ಲಿ ಅಲೆಕ್ಸಾಂಡರ್ ಅವರು ಜಸ್ಜೀತ್ ಅವರನ್ನು ಸೋಲಿಸಿದರೆ, ವಿಜಯ್ ಅವರು ಗಿಲ್ಟಿನನ್ ಅವರನ್ನು ಸೋಲಿಸಿದರು. ಅವು 33 ಮತ್ತು 39 ಗೇಮ್.

ಕೂಡಿಸಿ: 80, 76, 99, 33, 39. ಒಟ್ಟು 327. ಡೇವಿಸ್ ಕಪ್‌ನ ಒಂದು ಮುಖಾಮುಖಿಯಲ್ಲಿ ಆಡಿದ ಅತಿ ಹೆಚ್ಚು ಗೇಮ್‌ಗಳ ದಾಖಲೆ ಇದೇ. ಈಗಿನ ನಿಯಮದಲ್ಲಿ ಇದನ್ನು ಮುರಿಯಲು ಸಾಧ್ಯವೇ ಇಲ್ಲ. ಮೂರು ಸೆಟ್‌ನ ಐದು ಪಂದ್ಯ, ಪ್ರತಿ ಸೆಟ್ 7-6 ಆದರೂ 195ಕ್ಕೆ ನಿಂತುಬಿಡುತ್ತೆ.

ಭಾರತ 3-2ರಿಂದ ಗೆದ್ದಿತು. ಮುಂದೆ ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನೂ ಸೋಲಿಸಿ ಫೈನಲ್‌ಗೆ ಹೋಯಿತು. ಅಲ್ಲಿ ಎದುರಾಳಿ ದಕ್ಷಿಣ ಆಫ್ರಿಕಾ. ಅಲ್ಲಿ ಆಗ ಚರ್ಮದ ಬಣ್ಣ ನೋಡಿ ಮನುಷ್ಯರನ್ನು ಬೇರೆ ಮಾಡುವ ವರ್ಣಭೇದ ನೀತಿಯ ಸರ್ಕಾರ. ಭಾರತ ಸರ್ಕಾರ ಆಡೋದಿಲ್ಲ ಅಂದಿತು. ಫೈನಲ್ ನಡೆಯಲೇ ಇಲ್ಲ. ಕಪ್ ಒಂದು ಚೆಂಡನ್ನೂ ಹೊಡೆಯದೆ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಡೇವಿಸ್ ಕಪ್‌ನ ಇತಿಹಾಸದಲ್ಲಿ ಫೈನಲ್ ಆಡದೆ ಇತ್ಯರ್ಥವಾದದ್ದು ಅದೊಂದೇ ಸಲ.

ಭಾರತ ಮೂರು ಸಲ ಫೈನಲ್‌ವರೆಗೆ ಹೋಗಿದೆ: 1966, 1974, 1987. 66ರಲ್ಲಿ ಆಸ್ಟ್ರೇಲಿಯಾ, 87ರಲ್ಲಿ ಸ್ವೀಡನ್, ಎರಡೂ ಕಡೆ ಅವರ ನೆಲದಲ್ಲಿ ಸೋತೆವು. ಕಪ್ ಯಾವತ್ತೂ ಬರಲಿಲ್ಲ. ಹಾಗಾಗಿ 74ರಲ್ಲಿ ಬಿಟ್ಟುಕೊಟ್ಟದ್ದು ಸಣ್ಣದಲ್ಲ. ಒಂದು ಮುಖಾಮುಖಿಗೆ 327 ಗೇಮ್ ಆಡಿ ದಾರಿ ಮಾಡಿಕೊಂಡವರಿಗೆ ಕೊನೆಯ ಬಾಗಿಲಲ್ಲಿ ನಿಲ್ಲಿ ಅಂದದ್ದು. ಆ ನಿರ್ಧಾರ ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಅದರ ಬೆಲೆ ಕಟ್ಟಿದವರು ದೆಹಲಿಯ ಕಚೇರಿಯಲ್ಲಿ ಇದ್ದವರಲ್ಲ, ಕಲ್ಕತ್ತಾದ ಅಂಕಣದಲ್ಲಿ 99 ಗೇಮ್ ಆಡಿದವರು ಅನ್ನೋದನ್ನೂ ಅದೇ ಉಸಿರಲ್ಲಿ ಹೇಳಬೇಕು.

2004: 16-14

ಮುಂದಿನ ನಿಲ್ದಾಣ ಅಥೆನ್ಸ್ ಒಲಿಂಪಿಕ್ಸ್. ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿ. ಸೆಮಿಫೈನಲ್‌ನಲ್ಲಿ ಜರ್ಮನಿಯ ಜೋಡಿಗೆ ಸೋತು ಕಂಚಿನ ಪದಕದ ಪಂದ್ಯಕ್ಕೆ ಬಂದಿದ್ದರು. ಎದುರಿಗೆ ಕ್ರೊವೇಷ್ಯಾದ ಮಾರಿಯೊ ಆಂಚಿಕ್ ಮತ್ತು ಇವಾನ್ ಲ್ಯುಬಿಚಿಕ್. ಮೊದಲ ಸೆಟ್ ಟೈಬ್ರೇಕ್‌ನಲ್ಲಿ ಅವರಿಗೆ, ಎರಡನೆಯದು 6-4ರಿಂದ ನಮಗೆ. ಮೂರನೆಯದರಲ್ಲಿ ಟೈಬ್ರೇಕ್ ಇಲ್ಲ. ಅದು ಬೆಳೆದು ಬೆಳೆದು 16-14ಕ್ಕೆ ಮುಗಿಯಿತು, ಕ್ರೊವೇಷ್ಯಾದ ಪರವಾಗಿ. ಹತ್ತಿರ ಹತ್ತಿರ ನಾಲ್ಕು ಗಂಟೆ.

ಆ ಒಲಿಂಪಿಕ್ಸ್‌ನಲ್ಲಿ ಇಡೀ ಭಾರತಕ್ಕೆ ಬಂದದ್ದು ಒಂದೇ ಪದಕ, ಶೂಟಿಂಗ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಅವರ ಬೆಳ್ಳಿ. ಎರಡನೆಯದು ಆ 30 ಗೇಮ್‌ಗಳ ಸೆಟ್‌ನಲ್ಲಿ ಜಾರಿಹೋಯಿತು. ಟೆನಿಸ್‌ನಲ್ಲಿ ಭಾರತಕ್ಕೆ ಇವತ್ತಿಗೂ ಇರೋದು 1996ರಲ್ಲಿ ಪೇಸ್ ತಂದ ಒಂದು ಕಂಚು ಮಾತ್ರ. ನಾಲ್ಕನೇ ಸ್ಥಾನ ಅನ್ನೋದು ಒಲಿಂಪಿಕ್ಸ್‌ನ ಅತ್ಯಂತ ಕಹಿ ಸ್ಥಾನ. ನಾಲ್ಕು ಗಂಟೆ ಆಡಿ ಆ ಸ್ಥಾನ ತೆಗೆದುಕೊಳ್ಳೋದು ಇನ್ನೂ ಕಹಿ.

2010: ಸ್ಕೋರ್‌ಬೋರ್ಡ್ ಕೈಚೆಲ್ಲಿದಾಗ

ಉದ್ದದ ಪಂದ್ಯ ಅಂದ ಕೂಡಲೇ ಎಲ್ಲರೂ ಹೇಳುವ ಪಂದ್ಯ ಇದು, ಬಿಡೋಕಾಗಲ್ಲ. ವಿಂಬಲ್ಡನ್, ಮೊದಲ ಸುತ್ತು, 18ನೇ ಅಂಕಣ. ಅಮೆರಿಕದ ಜಾನ್ ಇಸ್ನರ್, ಫ್ರಾನ್ಸ್‌ನ ನಿಕೋಲಸ್ ಮಹುತ್. ಜೂನ್ 22ರಂದು ಶುರು, ನಾಲ್ಕು ಸೆಟ್ ಆಗುವಷ್ಟರಲ್ಲಿ ಕತ್ತಲು. 23ರಂದು ಐದನೇ ಸೆಟ್ ಶುರು ಮಾಡಿ ಇಡೀ ದಿನ ಆಡಿ 59-59ರಲ್ಲಿ ಮತ್ತೆ ಕತ್ತಲು. 24ರಂದು 70-68ರಿಂದ ಇಸ್ನರ್ ಗೆದ್ದರು. ಒಟ್ಟು 11 ಗಂಟೆ 5 ನಿಮಿಷ, 183 ಗೇಮ್. ಐದನೇ ಸೆಟ್ ಒಂದೇ 8 ಗಂಟೆ 11 ನಿಮಿಷ. ಹೈದರಾಬಾದಿನಿಂದ ಬೆಂಗಳೂರಿಗೆ ರಾತ್ರಿ ಬಸ್ ಹತ್ತಿ ಬೆಳಗ್ಗೆ ಇಳಿಯೋವರೆಗೆ ಆಡಿದರು ಅಂದುಕೊಳ್ಳಿ.

ನಮ್ಮ ಕಸುಬಿನವರಿಗೆ ಇದರಲ್ಲೊಂದು ಸೊಗಸಾದ ಸಂಗತಿ ಇದೆ. ಅಂಕಣದ ಎಲೆಕ್ಟ್ರಾನಿಕ್ ಸ್ಕೋರ್‌ಬೋರ್ಡ್‌ನ ಪ್ರೋಗ್ರಾಂ 47-47ರವರೆಗೆ ಮಾತ್ರ ಎಣಿಸುತ್ತಿತ್ತು. ಅಲ್ಲಿಗೆ ಬಂದು ನಿಂತೇಬಿಟ್ಟಿತು, ಆಮೇಲೆ ಪೂರ್ತಿ ಕಪ್ಪಾಯಿತು. ವೆಬ್‌ಸೈಟಿನ ಸ್ಕೋರ್ 50-50 ಆದ ಮೇಲೆ ಸೊನ್ನೆಗೆ ಮರಳಿತು. ದಯವಿಟ್ಟು 50 ಸೇರಿಸಿ ಓದಿಕೊಳ್ಳಿ ಅಂತ ನೋಡುಗರಿಗೆ ಹೇಳಬೇಕಾಯಿತು. ಆ ಕೋಡ್ ಬರೆದವರನ್ನು ನಾನಂತೂ ಬೈಯೋದಿಲ್ಲ. 47 ಅನ್ನೋದು ಆ ದಿನದವರೆಗೂ ಉದಾರವಾದ ಮಿತಿಯೇ. ನಾವೂ ದಿನಾ ಇಂಥ ಮಿತಿಗಳನ್ನು ಹಾಕ್ತಾ ಇರ್ತೀವಿ, ಇಷ್ಟಕ್ಕಿಂತ ಹೆಚ್ಚು ಬರೋದಿಲ್ಲ ಬಿಡು ಅಂತ.

ನಮ್ಮ ಲೆಕ್ಕಕ್ಕೆ ವಾಪಸ್ ಬರೋಣ. 6-6ರಿಂದ 68-68ಕ್ಕೆ ಹೋಗಬೇಕಾದರೆ ಸತತ 62 ಜೋಡಿ ಗೇಮ್‌ಗಳಲ್ಲಿ ಫಲಿತಾಂಶ ಬರಬಾರದು. ಸರ್ವ್ ಉಳಿಸಿಕೊಳ್ಳುವ ಪ್ರಮಾಣ ಶೇ 90 ಆದರೆ ಇದರ ಸಾಧ್ಯತೆ ಹತ್ತು ಲಕ್ಷಕ್ಕೆ ನಾಲ್ಕೈದು. ಶೇ 97 ಆದರೆ 100ಕ್ಕೆ ಎರಡಕ್ಕಿಂತ ಸ್ವಲ್ಪ ಹೆಚ್ಚು! ಅಂದರೆ ಇದು ಪವಾಡ ಅಲ್ಲ. ಸರ್ವ್ ಅಷ್ಟು ಬಲವಾದ ಮೇಲೆ, ನಿಯಮ ಹಾಗೇ ಇದ್ದ ಮೇಲೆ, ಇವತ್ತಲ್ಲ ನಾಳೆ ಆಗಲೇಬೇಕಿದ್ದದ್ದು. ಆ ಪಂದ್ಯದಲ್ಲಿ ಇಸ್ನರ್ 113 ಏಸ್ ಹೊಡೆದರು, ಮಹುತ್ 103.

ಗೆದ್ದವರಿಗೆ ಏನು ಸಿಕ್ಕಿತು? ಮುಂದಿನ ಸುತ್ತಿನಲ್ಲಿ ಇಸ್ನರ್ ಡಚ್ ಆಟಗಾರ ಥೀಮೊ ಡಿ ಬಾಕರ್ ಎದುರು 0-6, 3-6, 2-6ರಿಂದ ಸೋತರು. ಹಿಂದಿನ ಪಂದ್ಯದಲ್ಲಿ 113 ಏಸ್ ಹೊಡೆದ ಕೈ ಆ ದಿನ ಒಂದು ಏಸ್ ಕೂಡ ಹೊಡೆಯಲಿಲ್ಲ. ಉದ್ದದ ಪಂದ್ಯದ ವಿರುದ್ಧ ಇರುವ ಗಟ್ಟಿ ವಾದ ಇದೇ: ಅಲ್ಲಿ ಗೆದ್ದವನೂ ಸೋತಿರ್ತಾನೆ, ಅದು ಗೊತ್ತಾಗೋದು ಮರುದಿನ.

2014: ಕಬ್ಬನ್ ಪಾರ್ಕಿನ ಶನಿವಾರ

ಈಗ ನಮ್ಮ ಊರು. 2014ರ ಸೆಪ್ಟೆಂಬರ್, ಕಬ್ಬನ್ ಪಾರ್ಕಿನ ಒಳಗಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣ. ಡೇವಿಸ್ ಕಪ್ ವಿಶ್ವ ಗುಂಪಿನ ಪ್ಲೇಆಫ್, ಎದುರಾಳಿ ಸರ್ಬಿಯಾ. ಜೊಕೊವಿಚ್ ಬಂದಿರಲಿಲ್ಲ. ಆದರೂ ಶುಕ್ರವಾರದ ಎರಡೂ ಸಿಂಗಲ್ಸ್ ಸೋತು ಭಾರತ 0-2. ಶನಿವಾರದ ಡಬಲ್ಸ್ ಸೋತರೆ ಕಥೆ ಮುಗೀತು.

41ರ ಪೇಸ್, 34ರ ಬೋಪಣ್ಣ. ಎದುರಿಗೆ ನೆನಾದ್ ಜಿಮೊಂಜಿಕ್ ಮತ್ತು ಇಲಿಯಾ ಬೊಜೊಲ್ಯಾಕ್. ಇವರನ್ನು ಹಗುರವಾಗಿ ನೋಡುವ ಹಾಗಿಲ್ಲ. 2013ರಲ್ಲಿ ಇದೇ ಜೋಡಿ ಅಮೆರಿಕದ ನೆಲದಲ್ಲೇ ಬ್ರಯಾನ್ ಸಹೋದರರನ್ನು ಐದನೇ ಸೆಟ್‌ನಲ್ಲಿ 15-13ರಿಂದ ಸೋಲಿಸಿತ್ತು. ಉದ್ದಕ್ಕೆ ಎಳೆದು ಗೆಲ್ಲೋದು ಅವರಿಗೆ ಗೊತ್ತಿದ್ದ ವಿದ್ಯೆ.

ಮೊದಲ ಸೆಟ್ 1-6. ಎರಡನೆಯದು ಟೈಬ್ರೇಕ್‌ನಲ್ಲಿ ಹೋಯಿತು. ಎರಡು ಸೆಟ್ ಹಿಂದೆ, ಮುಖಾಮುಖಿಯಲ್ಲಿ ಎರಡು ಪಂದ್ಯ ಹಿಂದೆ. ಅಲ್ಲಿಂದ 6-3, 6-3. ಐದನೇ ಸೆಟ್‌ಗೆ ಟೈಬ್ರೇಕ್ ಇಲ್ಲದ ಕಾಲ ಅದು. 6-6 ಆಯಿತು. ಆಮೇಲೆ 8-6, ಭಾರತಕ್ಕೆ. 52 ಗೇಮ್. 1974ರ 99ರ ಪಕ್ಕದಲ್ಲಿ ಇದು ಸಣ್ಣದು, ನಿಜ. ಆದರೆ 0-2ರಲ್ಲಿ ಇದ್ದ ತಂಡಕ್ಕೆ ಆ 52 ಗೇಮ್ ಇನ್ನೊಂದು ದಿನದ ಉಸಿರು ಕೊಟ್ಟಿತು. ಭಾನುವಾರ ಸೋಮದೇವ್ ದೇವವರ್ಮನ್ ಐದು ಸೆಟ್ ಆಡಿ ದುಸಾನ್ ಲಾಯೊವಿಚ್ ಅವರನ್ನು ಸೋಲಿಸಿ 2-2 ಮಾಡಿದರು. ಆಮೇಲೆ ಬೆಂಗಳೂರಿನ ಸೆಪ್ಟೆಂಬರ್ ಮಳೆ. ಕೊನೆಯ ಪಂದ್ಯ ಸೋಮವಾರಕ್ಕೆ ಹೋಯಿತು, ಯೂಕಿ ಭಾಂಬ್ರಿ ಸೋತರು, ಭಾರತ 2-3.

ಸೋತ ಮುಖಾಮುಖಿಯನ್ನು ಯಾಕೆ ಇಷ್ಟು ಹೇಳ್ತಿದ್ದೀನಿ ಅಂದರೆ, ಉದ್ದದ ಪಂದ್ಯ ಕೊಡುವ ಒಂದೇ ಒಂದು ವರ ಇಲ್ಲಿ ಕಾಣುತ್ತೆ. ಎರಡು ಸೆಟ್ ಹಿಂದೆ ಇರುವವನಿಗೆ ಯೋಚಿಸಲು, ಬದಲಾಗಲು ಸಮಯ ಸಿಗುತ್ತೆ. ಇವತ್ತಿನ ಡೇವಿಸ್ ಕಪ್‌ನಲ್ಲಿ ಪಂದ್ಯ ಮೂರೇ ಸೆಟ್‌ನದು. ಎರಡು ಸೋತರೆ ಕೈಕುಲುಕಿ ಹೊರಡಬೇಕು. ಆ ಶನಿವಾರದ ಪಂದ್ಯ ಇವತ್ತಿನ ನಿಯಮದಲ್ಲಿ ಎರಡನೇ ಸೆಟ್‌ಗೇ ಮುಗಿದುಹೋಗ್ತಿತ್ತು.

ಒಂದೇ ವಾರ, ಎರಡು ಕೊನೆ

2015ರ ಜುಲೈ, ವಿಂಬಲ್ಡನ್. ಬೋಪಣ್ಣ ಮತ್ತು ರೊಮೇನಿಯಾದ ಫ್ಲೋರಿನ್ ಮರ್ಜಿಯಾ ಕ್ವಾರ್ಟರ್‌ಫೈನಲ್‌ನಲ್ಲಿ ಅಗ್ರ ಶ್ರೇಯಾಂಕದ ಬ್ರಯಾನ್ ಸಹೋದರರನ್ನು ಹೊರಹಾಕಿದರು. ಸೆಮಿಫೈನಲ್‌ನಲ್ಲಿ ಜೀನ್ ಜೂಲಿಯನ್ ರೋಜರ್ ಮತ್ತು ಹೋರಿಯಾ ಟೆಕಾವ್ ಎದುರು ಐದನೇ ಸೆಟ್, ಟೈಬ್ರೇಕ್ ಇಲ್ಲ, 11-13ರಿಂದ ಸೋಲು. ಗೆದ್ದ ಜೋಡಿಯೇ ಚಾಂಪಿಯನ್ ಆಯಿತು.

ಅದೇ ವಾರ ಮಹಿಳೆಯರ ಡಬಲ್ಸ್ ಫೈನಲ್‌ನಲ್ಲಿ ಸಾನಿಯಾ ಮತ್ತು ಮಾರ್ಟಿನಾ ಹಿಂಗಿಸ್, ರಷ್ಯಾದ ಮಕರೋವಾ ಮತ್ತು ವೆಸ್ನಿನಾ ಎದುರು. ಮೊದಲ ಸೆಟ್ 5-7. ಎರಡನೆಯದು ಟೈಬ್ರೇಕ್‌ನಲ್ಲಿ ಗೆಲುವು. ಮೂರನೆಯದರಲ್ಲಿ 2-5 ಹಿಂದೆ. ಅಲ್ಲಿಂದ 5-5ಕ್ಕೆ ತಂದರು. ಬೆಳಕು ಸಾಲದೆ ಚಾವಣಿ ಮುಚ್ಚಿದರು. ವಾಪಸ್ ಬಂದು 7-5. ವಿಂಬಲ್ಡನ್ ಮಹಿಳಾ ಡಬಲ್ಸ್ ಗೆದ್ದ ಮೊದಲ ಭಾರತೀಯಳು ಹೈದರಾಬಾದಿನ ಹುಡುಗಿ. ಹತ್ತು ವರ್ಷ ಹಿಂದೆ, 2005ರ ಫೆಬ್ರುವರಿಯಲ್ಲಿ, ಇದೇ ಊರಿನಲ್ಲಿ ಅಲ್ಯೋನಾ ಬೊಂಡರೆಂಕೊ ಅವರನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ ಆಗಿದ್ದೂ ಇವರೇ.

ಮರುವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ ಕೊಡಗು ಮತ್ತು ಹೈದರಾಬಾದ್ ಒಂದೇ ಕಡೆ ನಿಂತವು. ಮಿಶ್ರ ಡಬಲ್ಸ್ ಸೆಮಿಫೈನಲ್. ಎದುರಿಗೆ ವೀನಸ್ ವಿಲಿಯಮ್ಸ್ ಮತ್ತು ರಾಜೀವ್ ರಾಮ್. ಈ ರಾಮ್ ಅಮೆರಿಕದ ಆಟಗಾರ, ಆದರೆ ತಂದೆತಾಯಿ ಬೆಂಗಳೂರಿನಿಂದ ಅಲ್ಲಿಗೆ ಹೋದವರು. ಮೊದಲ ಸೆಟ್ ಸಾನಿಯಾ-ಬೋಪಣ್ಣಗೆ 6-2, ಎರಡನೆಯದು ಅವರಿಗೆ 6-2. ಮೂರನೇ ಸೆಟ್? ಇರಲೇ ಇಲ್ಲ. ಅದರ ಬದಲಿಗೆ ಹತ್ತು ಪಾಯಿಂಟ್‌ಗಳ ಟೈಬ್ರೇಕ್. 3-10. ಕಂಚಿನ ಪಂದ್ಯವನ್ನೂ ಜೆಕ್ ಜೋಡಿಗೆ ಸೋತರು.

ಈಗ 2004 ಮತ್ತು 2016 ಅಕ್ಕಪಕ್ಕ ಇಟ್ಟು ನೋಡಿ. ಒಂದು ಸಲ ಪದಕ 30 ಗೇಮ್‌ಗಳ ಸೆಟ್‌ನಲ್ಲಿ ಹೋಯಿತು, ಇನ್ನೊಂದು ಸಲ ಫೈನಲ್ 13 ಪಾಯಿಂಟ್‌ಗಳಲ್ಲಿ ಹೋಯಿತು. ಫೈನಲ್‌ಗೆ ಹೋಗಿದ್ದರೆ ಕನಿಷ್ಠ ಬೆಳ್ಳಿ ಖಚಿತ. ಯಾವುದು ಹೆಚ್ಚು ನ್ಯಾಯ? ಮೊದಲನೆಯದರಲ್ಲಿ ಸೋತವರಿಗೆ ಒಂದು ಸಮಾಧಾನ ಇದೆ: ಆಡೋದಕ್ಕೆ ಏನೂ ಉಳಿದಿರಲಿಲ್ಲ. ಎರಡನೆಯದರಲ್ಲಿ ಆ ಸಮಾಧಾನ ಇಲ್ಲ.

ಬಾಗಿಲು ಮುಚ್ಚಿದ್ದು

ಒಂದೊಂದಾಗಿ ಎಲ್ಲರೂ ಮಿತಿ ಹಾಕಿದರು. ವೃತ್ತಿಪರ ಪುರುಷರ ಡಬಲ್ಸ್ ಟೂರ್ನಿಗಳಲ್ಲಿ 2006ರ ಹೊತ್ತಿಗೇ ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ಗಳ ಟೈಬ್ರೇಕ್ ಬಂದಿತ್ತು. 2016ರಲ್ಲಿ ಡೇವಿಸ್ ಕಪ್‌ನ ಕೊನೆಯ ಸೆಟ್‌ಗೂ ಟೈಬ್ರೇಕ್ ಬಂತು. 2018ರ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಕೆವಿನ್ ಆಂಡರ್ಸನ್ ಅವರು ಇದೇ ಇಸ್ನರ್ ಅವರನ್ನು 26-24ರಿಂದ ಸೋಲಿಸಲು 6 ಗಂಟೆ 36 ನಿಮಿಷ ತೆಗೆದುಕೊಂಡರು, ಫೈನಲ್‌ನಲ್ಲಿ ಜೊಕೊವಿಚ್ ಎದುರು ನೇರ ಸೆಟ್‌ಗಳಲ್ಲಿ ಸೋತರು. ವಿಂಬಲ್ಡನ್ ಮುಂದಿನ ವರ್ಷವೇ 12-12ರಲ್ಲಿ ಟೈಬ್ರೇಕ್ ತಂದಿತು. 2022ರಲ್ಲಿ ನಾಲ್ಕೂ ಗ್ರ್ಯಾಂಡ್‌ಸ್ಲಾಮ್‌ಗಳು ಒಂದೇ ನಿಯಮಕ್ಕೆ ಬಂದವು: ಕೊನೆಯ ಸೆಟ್ 6-6 ಆದರೆ ಹತ್ತು ಪಾಯಿಂಟ್‌ಗಳ ಟೈಬ್ರೇಕ್. 70-68 ಇನ್ನು ಯಾವತ್ತೂ ಬರೋದಿಲ್ಲ.

ಹಳೆಯದೇ ಚೆನ್ನಾಗಿತ್ತು ಅಂತ ಹೇಳಿ ಮುಗಿಸೋದು ಸುಲಭ. ಆದರೆ 2024ರ ಜನವರಿ ನೋಡಿ. ಆಸ್ಟ್ರೇಲಿಯಾ ಓಪನ್ ಸೆಮಿಫೈನಲ್‌ನಲ್ಲಿ ಬೋಪಣ್ಣ ಮತ್ತು ಮ್ಯಾಥ್ಯೂ ಎಬ್ಡೆನ್ ಮೂರನೇ ಸೆಟ್‌ನಲ್ಲಿ 6-6ಕ್ಕೆ ಬಂದು, ಹೊಸ ಟೈಬ್ರೇಕ್‌ನಲ್ಲಿ 10-7ರಿಂದ ಗೆದ್ದರು. ಫೈನಲ್ಲೂ ಗೆದ್ದರು. 43ನೇ ವಯಸ್ಸಿನಲ್ಲಿ ಬೋಪಣ್ಣ ಗ್ರ್ಯಾಂಡ್‌ಸ್ಲಾಮ್ ಪುರುಷರ ಡಬಲ್ಸ್ ಚಾಂಪಿಯನ್, ಜೊತೆಗೆ ವಿಶ್ವದ ನಂಬರ್ ಒನ್. 2015ರಲ್ಲಿ 35ರ ಬೋಪಣ್ಣನಿಗೆ ಹಳೆಯ ನಿಯಮ ಕೊಟ್ಟದ್ದು 11-13ರ ಸೋಲು. 43ರ ಬೋಪಣ್ಣನಿಗೆ ಹೊಸ ನಿಯಮ ಕೊಟ್ಟದ್ದು ಫೈನಲ್. ಆ ವಯಸ್ಸಿನಲ್ಲಿ 16-14ರ ಸೆಟ್ ಆಡಿ ಒಂದು ದಿನ ಬಿಟ್ಟು ಮತ್ತೆ ಅಂಕಣಕ್ಕೆ ಇಳಿಯೋದು ಯಾವ ಮಂಡಿಗೂ ಸುಲಭ ಅಲ್ಲ. ಪಂದ್ಯದ ಆಯುಸ್ಸು ಕಡಿಮೆ ಆದದ್ದರಿಂದಲೇ ಆಟಗಾರನ ಆಯುಸ್ಸು ಹೆಚ್ಚಾಯಿತು ಅಂತ ನನಗನ್ನಿಸುತ್ತೆ.

ಹಾಗಾಗಿ ಮಿತಿ ಹಾಕಿದ್ದು ಸರಿ. ಆದರೆ 327 ಗೇಮ್ ಆಡಿದವರನ್ನು ಮರೆಯೋದು ಸರಿಯಲ್ಲ. ಕ್ರಿಕೆಟ್‌ನ 1983 ನಮ್ಮ ಮನೆಮಕ್ಕಳಿಗೂ ಗೊತ್ತು, ಟೆನಿಸ್‌ನ 1974 ಯಾರಿಗೂ ಗೊತ್ತಿಲ್ಲ, ಯಾಕಂದರೆ ಅದರ ಕೊನೆಯಲ್ಲಿ ಕಪ್ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೇಳಿ, ಅಮೃತ್‌ರಾಜ್ ಅಣ್ಣತಮ್ಮಂದಿರ ಕಾಲದ ಸುದ್ದಿ ಯಾರಿಗಾದರೂ ನೆನಪಿದೆಯಾ ಅಂತ. ನೆನಪಿದ್ದರೆ ನನಗೂ ಬರೆದು ಕಳಿಸಿ.